ಕಡೆಯ ಪಂಕ್ತಿಗೆ ಕೂತ ಮಹೇಶ್ವರಿ

ನನ್ನ ಮಗನ ಮಗಳು ಮಹೇಶ್ವರಿಗೆ ಈಗ ಹದಿನೇಳು. ನರೇಗಲ್ಲಿನಲ್ಲೇ ಕಾಲೇಜಿಗೆ ಹೋಗುತ್ತಾಳೆ. ಎರಡು ವರ್ಷದ ಕೆಳಗೆ ಅವಳು ಓಣಿಯಲ್ಲಿ ನಡೆದು ಬಂದರೆ ಕಟ್ಟೆಯ ಮೇಲೆ ಕೂತ ಹುಡುಗರು "ಟ್ಯಾಂಕರ್ ಬಂತು, ಕೊಡಾ ತರ್ರೆಪೋ" ಎಂದು ಕೂಗುತ್ತಿದ್ದರು. ತಲೆ ಬಗ್ಗಿಸಿ ಮನೆಗೆ ಬಂದವಳೇ ನನ್ನ ಮಗ್ಗುಲಲ್ಲಿ ಕೂತು ರೊಟ್ಟಿ ಮುರಿಯುತ್ತಿದ್ದಳು. ಬೈಸಿಕೊಂಡ ದಿನ ಇನ್ನೊಂದು ರೊಟ್ಟಿ ಹೆಚ್ಚು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಅಷ್ಟು ಸಣ್ಣ ವಯಸ್ಸಿಗೆ ಸಕ್ಕರೆ ಕಾಯಿಲೆ ಬೇರೆ. ಕಡೆಗೆ ಹುಬ್ಬಳ್ಳಿಯ ದವಾಖಾನೆಯಲ್ಲಿ ಹೊಟ್ಟೆಯೊಳಗಿನ ಚೀಲವನ್ನೇ ಕತ್ತರಿಸಿ ಸಣ್ಣದು ಮಾಡಿದರು.

ಇನ್ನು ಮೇಲೆ ಒಂದು ಸಣ್ಣ ಬಟ್ಟಲಿನಷ್ಟೇ ಊಟ ಎಂದರು ಡಾಕ್ಟರು. ಬಾಯಲ್ಲಿ ಹಿಟ್ಟಾಗುವ ತನಕ ಅಗಿಯಬೇಕು. ಮೊದಲು ಬೇಳೆ, ಕಾಳು, ಮೊಸರು. ಜಾಗ ಉಳಿದರೆ ಅನ್ನ, ರೊಟ್ಟಿ. ಊಟದ ಜೊತೆ ನೀರು ಕೂಡದು, ಅರ್ಧ ತಾಸು ಬಿಟ್ಟೇ ಕುಡಿಯಬೇಕು. ಸಿಹಿ ತಿಂದರೆ ಬೆವರು ಕಿತ್ತು, ಎದೆ ಡವಡವ ಎಂದು, ಒಳಗೆ ಹೋದದ್ದು ಹೊರಗೆ ಬಂದೀತು ಎಂದೂ ಹೇಳಿ ಕಳಿಸಿದರು.

ಊರಿಗೆ ಮಾತ್ರ ನಮ್ಮ ಸೊಸೆ ನೀಲಾ ಅಪೆಂಡಿಕ್ಸ್ ಆಪರೇಷನ್ ಎಂದು ಹೇಳಿದಳು.

"ಇದ್ದದ್ದ ಹೇಳಿದ್ರ ಏನಾಗತೈತಿ?" ಎಂದು ನಾನು ಕೇಳಿದ್ದಕ್ಕೆ, "ಉಣ್ಣಾಕ ಆಗಲಾರದ ಹುಡುಗಿನ್ನ ನಾಳೆ ಯಾರ ಮಾಡ್ಕೋತಾರ್ರಿ ಅತ್ತಿ?" ಎಂದಳು.

ಹುಡುಗಿಗೂ ಅದೇ ಬೇಕಾಗಿತ್ತು. "ಹೇಳಬ್ಯಾಡ ಆಯಿ. ತಿಂದ ತಿಂದ ಹೊಟ್ಟಿ ಕೊಯ್ಸಿಕೊಂಡಾಕಿ ಅಂತಾರ" ಎಂದು ನನ್ನ ಕೈ ಹಿಡಿದಳು.

ಮನೆಯಲ್ಲಿ ತೊಂದರೆ ಇರಲಿಲ್ಲ. ಚಮಚ ಹಿಡಿದು, ಬಟ್ಟಲು ಮುಂದಿಟ್ಟುಕೊಂಡು, ಹೆಸರುಬೇಳೆಯನ್ನು ಗುಬ್ಬಿ ಕುಕ್ಕಿದ ಹಾಗೆ ಉಣ್ಣುತ್ತಿದ್ದಳು. ಕಷ್ಟವೆಲ್ಲ ಹೊರಗಿನ ಊಟದ್ದು. ನಮ್ಮ ಮಂದಿಯಲ್ಲಿ ತಾಟಿಗೆ ಬಿದ್ದದ್ದೆಲ್ಲ ಪ್ರಸಾದ, ಬಿಡುವಂತಿಲ್ಲ. ಉಂಡ ಮೇಲೆ ತಾಟಿಗೆ ನೀರು ಹಾಕಿ, ಬೆರಳಾಡಿಸಿ ತೊಳೆದು, ಆ ನೀರನ್ನೂ ಕುಡಿಯಬೇಕು. ಎಲ್ಲರದೂ ಮುಗಿಯುವ ತನಕ ಪಂಕ್ತಿಯಿಂದ ಒಬ್ಬರೂ ಏಳುವುದಿಲ್ಲ.

ಅದಕ್ಕೆ ಮಹೇಶ್ವರಿ ತಾನೇ ಒಂದು ದಾರಿ ಕಂಡುಕೊಂಡಳು. ಯಾರ ಮನೆಯಲ್ಲಿ ಕಾರ್ಯವಿದ್ದರೂ ಹೋದವಳೇ ವೇಲನ್ನು ಸೊಂಟಕ್ಕೆ ಬಿಗಿದು ಸಾರಿನ ಬಕೀಟು ಹಿಡಿಯುವಳು. ಬಡಿಸುವವರು ಉಂಡರೋ ಬಿಟ್ಟರೋ ಯಾರು ನೋಡುತ್ತಾರೆ? ಉಳಿದವರು ಬೇಡ ಬೇಡವೆಂದು ಅಡ್ಡ ಹಿಡಿದ ಕೈಯನ್ನು ಸರಿಸಿ ಸುರಿದರೆ, ಇವಳು "ಸಾಕೇನ್ರಿ?" ಎಂದು ಕೇಳಿ ಸುಮ್ಮನೆ ಮುಂದೆ ಹೋಗುವಳು. ಹಲ್ಲಿಲ್ಲದ ಮುದುಕರು ಅವಳನ್ನು ಹರಸುತ್ತಿದ್ದರು. ಕಡೆಯ ಪಂಕ್ತಿ ಕೂಡುವ ಹೊತ್ತಿಗೆ ತಲೆನೋವೆಂದು ಜಾರಿಬಿಡುವಳು.

ಈ ವರ್ಷ ಅಬ್ಬಿಗೇರಿಯಲ್ಲಿ ನನ್ನ ತಮ್ಮ ಅರ್ಜುನಪ್ಪ ಹೊಸ ಮನೆಯ ಶಾಂತಿ ಮಾಡಿದ. ಅಲ್ಲಿಯೂ ಬಕೀಟು ಇವಳ ಕೈಯಲ್ಲೇ. ಬಂದವರೆಲ್ಲ ಉಂಡು, ಮನೆಮಂದಿಯ ಕಡೆಯ ಪಂಕ್ತಿ ಕೂಡುವಾಗ ಹಿತ್ತಲ ಕಡೆಗೆ ಹೊರಟವಳನ್ನು ಅರ್ಜುನಪ್ಪ ಬಾಗಿಲಲ್ಲೇ ತಡೆದ.

"ಎಲ್ಲಿ ಹೊಂಟಿಯವ್ವಾ? ಬಡಿಸಿದಾಕಿ ಉಪಾಸ ಹೋದ್ರ ನನ್ನ ಮನಿ ಉದ್ಧಾರ ಆಗತೈತೇನು? ಬಾ, ನಡಕ ಕುಂಡ್ರು. ನಾನ ಬಡಸ್ತೀನಿ."

"ಹಸಿವಿಲ್ರಿ ಮುತ್ಯಾ."

"ಆರ ಹೋಳಿಗಿ ತಿಂದು ಏಳನೇದಕ್ಕ ತಾಟ ಒಡ್ಡತಿದ್ದಾಕಿ ನೀ! ಹಸಿವಿಲ್ಲಂತ ಹಸಿವು!"

ಮಂದಿ ನಕ್ಕರು. ಅವನ ಮಾತಿನಲ್ಲಿ ಪ್ರೀತಿಯೇ ಇತ್ತು, ಅದೇ ಕಷ್ಟ. ಎರಡು ಹೋಳಿಗೆ ಇಟ್ಟು ತುಪ್ಪ ಸುರಿದ. ಮಗ್ಗುಲಿಗೆ ಪಲ್ಯ, ಅನ್ನ, ಸಾರು. ಮಹೇಶ್ವರಿ ಪಲ್ಯದ ಜೊತೆ ನಾಲ್ಕು ಅಗುಳು ಅನ್ನ ಅಗಿಯುತ್ತ ಕೂತಳು. ಎದುರಿಗೆ ಕೂತಿದ್ದ ನಾನು ನೋಡಿದೆ, ನೀಲಾ ಕಣ್ಣಿನಲ್ಲೇ "ಉಣ್ಣು" ಎನ್ನುತ್ತಿದ್ದಳು.

ಒಬ್ಬೊಬ್ಬರಾಗಿ ತಾಟು ತೊಳೆದು ಕುಡಿದರು. ಎಲ್ಲರದೂ ಮುಗಿಯಿತು. ಇಡೀ ಪಂಕ್ತಿ ಇವಳ ಒಂದು ತಾಟನ್ನೇ ನೋಡುತ್ತ ಕೂತಿತು.

"ಯಾರದವ್ವಾ ಇನ್ನೂ? ನಮ್ಮ ಕೈ ಒಣಗಿ ಕಟಕ ರೊಟ್ಟಿ ಆದೂವು" ಎಂದಳು ಅರ್ಜುನಪ್ಪನ ಬೀಗತಿ ಕಳಕವ್ವ.

ಮಹೇಶ್ವರಿ ಒಂದು ಹೋಳಿಗೆಯನ್ನು ಮಡಚಿ ಬಾಯಿಗೆ ತುರುಕಿಕೊಂಡಳು. ಇನ್ನೊಂದನ್ನೂ ಅರ್ಧ ತುರುಕಿದಳು. ನೋಡನೋಡುತ್ತ ಹಣೆಯ ಮೇಲೆ ಬೆವರು ಮೂಡಿ ತುಟಿ ಬೆಳ್ಳಗಾದವು. ಎಲ್ಲರಿಗಿಂತ ಮೊದಲು ಪಂಕ್ತಿಯಿಂದ ಎದ್ದು ಓಡಿದಳು. ಅಂಗಳದ ತನಕ ಹೋಗಲು ಆಗಲಿಲ್ಲ. ಬೆಳಿಗ್ಗೆ ಅರಿಶಿನ ಹಚ್ಚಿ ಪೂಜೆ ಮಾಡಿದ ಹೊಸ ಹೊಸ್ತಿಲ ಮೇಲೆಯೇ ವಾಂತಿ ಮಾಡಿದಳು.

ಎಲ್ಲರೂ ಎದ್ದು ನಿಂತರು. ಕಳಕವ್ವ ನೀಲಾಳ ಹತ್ತಿರ ಬಂದು, ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ ಕೇಳಿದಳು: "ಹೋದ ವರ್ಷ ಹುಬ್ಬಳ್ಳಿ ದವಾಖಾನಿಗೆ ಒಯ್ದಿದ್ದಿ. ಈಗ ಮತ್ತ ಹಿಂಗ. ಖರೇ ಹೇಳ ನೀಲಾ, ಹುಡುಗಿಗೆ ಎಷ್ಟ ತಿಂಗಳಾತು?"

ನೀಲಾ ಯಾವ ನಾಚಿಕೆ ಸಣ್ಣದು, ಯಾವುದು ದೊಡ್ಡದು ಎಂದು ತೂಗುತ್ತಿರುವವಳ ಹಾಗೆ ನಿಂತಳು. ಮಹೇಶ್ವರಿ ಬಾಯಿ ಒರೆಸಿಕೊಳ್ಳುತ್ತ ತಾಯಿಯ ಮುಖವನ್ನೇ ನೋಡುತ್ತಿದ್ದಳು. ತಾಯಿ ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಕಾದಳು. ಆಮೇಲೆ ಪಡಸಾಲೆಯಲ್ಲಿದ್ದ ಗಂಡಸರಿಗೂ ಕೇಳುವಂತೆ ತಾನೇ ಹೇಳಿದಳು:

"ತಿಂಗಳಾ ಗಿಂಗಳಾ ಏನಿಲ್ರಿ. ದಪ್ಪ ಇದ್ದೆ, ಹೊಟ್ಟಿ ಕೊಯ್ದು ಸಣ್ಣದ ಮಾಡ್ಯಾರ. ಇಷ್ಟು ಉಂಡ್ರ ಒಳಗ ನಿಲ್ಲೂದಿಲ್ಲ."

"ಅಯ್ಯ ಶಿವನ! ರೊಕ್ಕಾ ಕೊಟ್ಟು ಹಸಿವು ಕಡಿಸಿಕೊಂಡಾರ!" ಎಂದಳು ಯಾರೋ ಒಬ್ಬಳು. ಹಿಂದೆ ಇಬ್ಬರು ಕಿಸಕ್ಕೆಂದರು. ಮತ್ತೆ ಯಾರೂ ನಗಲಿಲ್ಲ.

ಹೊಸ್ತಿಲನ್ನು ಯಾರಿಗೂ ಮುಟ್ಟಗೊಡದೆ ಅವಳೇ ನೀರು ಹಾಕಿ ತಿಕ್ಕಿ ತೊಳೆದಳು. ಒಳಗೆ ಬಂದು ತನ್ನ ತಾಟಿನ ಮುಂದೆ ಮತ್ತೆ ಕೂತಳು. ಪಂಕ್ತಿ ಖಾಲಿಯಾಗಿತ್ತು.

"ಆಯಿ, ಒಂದ ಡಬ್ಬಿ ಕೇಳು. ಉಳಿದದ್ದ ಮನಿಗೆ ಒಯ್ಯೂಣು. ಚೆಲ್ಲೂದು ಬ್ಯಾಡ."

ಕೇಳಿಸಿಕೊಂಡ ಅರ್ಜುನಪ್ಪ ತಾನೇ ಡಬ್ಬಿ ತಂದು, ತಾನೇ ತುಂಬಿದ. ಹುಡುಗಿಯ ಮುಖ ನೋಡಲಾರದೆ ನನ್ನ ಕಡೆ ತಿರುಗಿದ. "ನೀನರ ಒಂದ ಮಾತ ಹೇಳಬಾರ್ದಿತ್ತೇನ ಅಕ್ಕಾ?"

ಎದುರಿಗೇ ಕೂತು ಉಂಡೆದ್ದವಳು ನಾನು. ಸೆರಗನ್ನು ಬಾಯಿಗೆ ಅಡ್ಡ ಹಿಡಿದೆ.

"ಹೇಳಾಕ ನಾಚಿಕಿ ಬಂತ್ರಿ ಮುತ್ಯಾ, ಎಲ್ಲಾರಿಗೂ" ಎಂದಳು ಮಹೇಶ್ವರಿ. ತಾಟಿಗೆ ನೀರು ಹಾಕಿ, ಬೆರಳಾಡಿಸಿ ತೊಳೆದು, ಕುಡಿಯದೆ ಮುಂದಿಟ್ಟುಕೊಂಡು ಕೂತಳು. "ಇದನ್ನ ಕುಡಿಯಾಕ ಅರ್ಧ ತಾಸ ಆಗಬೇಕ್ರಿ. ನೀವ ಹೋಗ್ರಿ."

ಉಣ್ಣುವವರು ಏಳದೆ ಬಡಿಸಿದವನು ಹೇಗೆ ಹೋದಾನು? ಅರ್ಜುನಪ್ಪ ಅವಳೆದುರು ಬರಿ ನೆಲದ ಮೇಲೆ ಕೂತುಬಿಟ್ಟ. ಹೊರಗೆ ಎಲೆ ಅಡಿಕೆಗೆ ಕರೆದರು. "ಬಂದೆ" ಎಂದನೇ ಹೊರತು ಅಲುಗಾಡಲಿಲ್ಲ. ತಲೆಯನ್ನೂ ಎತ್ತಲಿಲ್ಲ.

ನೀಲಾ ಹೊಸ್ತಿಲ ಆಚೆ, ಬೀದಿಗೆ ಮುಖ ಮಾಡಿ ನಿಂತಿದ್ದಳು. ಅಲ್ಲಿಂದಲೇ ಕೂಗಿದಳು: "ಲಗೂ ಏಳ, ಬಸ್ಸ ತಪ್ಪತೈತಿ."

"ತಪ್ಪಲಿ ಬಿಡ ಯವ್ವಾ. ನೀನೂ ಒಳಗ ಬಂದು ಕುಂಡ್ರು."

ನೀಲಾ ತಿರುಗಿ ನೋಡಲಿಲ್ಲ. ಒಳಗೂ ಬರಲಿಲ್ಲ.