ಅಕ್ಕು ಮಾಮಿ ಸಿಹಿ ಬಿಟ್ಟದ್ದು

ಅಕ್ಕು ಮಾಮಿ ಸುಳ್ಳು ಹೇಳುತ್ತಿರಲಿಲ್ಲ. ಇದನ್ನು ಹೊಗಳಿಕೆ ಎಂದು ತಿಳಿಯಬೇಡಿ. ಅವರ ಜತೆ ಒಂದೇ ವಠಾರದಲ್ಲಿ ಹತ್ತು ವರ್ಷ ಬಾಳಿದವರಿಗೆ ಅದರ ಕಷ್ಟ ಗೊತ್ತು. ರೇಷನ್ ಕಾಲದಲ್ಲಿ ಇನ್ಸ್‌ಪೆಕ್ಟರೊಬ್ಬರು ಬಂದು ಕಾರ್ಡಿನ ಮೂರನೆಯ ಹೆಸರು ಯಾರದು ಎಂದು ಕೇಳಿದರಂತೆ. "ಅದು ನನ್ನ ಅತ್ತೆ. ತೀರಿಹೋಗಿ ಎರಡು ವರ್ಷ ಆಯ್ತು. ಅವರ ಅಕ್ಕಿ ನಾವೇ ಉಣ್ಣುದು" ಎಂದು ಹೇಳಿ ಮಾಮಿ ಕೂರಲು ಮಣೆ ಹಾಕಿದರು. ನಮ್ಮವ್ವ ಕಾಂಜೀವರಂ ಸೀರೆ ಉಟ್ಟು ತೋರಿಸಲು ಹೋದಾಗ "ಬಣ್ಣ ಚಂದ ಉಂಟು, ನಿಮಗೆ ಆಗುದಿಲ್ಲ" ಎಂದರು. ಅವ್ವ ಒಂದು ತಿಂಗಳು ಅವರ ಬಾಗಿಲಿಗೆ ಹೋಗಲಿಲ್ಲ, ಆ ಸೀರೆಯನ್ನು ಆಮೇಲೆ ಉಡಲೂ ಇಲ್ಲ.

ಮಾಮಿಯ ಗಂಡ ಸುಬ್ರಾಯರು ಮದರಾಸಿನ ಪುರಸೈವಾಕ್ಕಂ ಹೈರೋಡಿನ ಒಂದು ಉಡುಪಿ ಹೋಟೆಲಿನಲ್ಲಿ ಹುಳಿ ಮಾಡುವ ಅಡಿಗೆಯವರು. ಬೆಳಗಿನ ನಾಲ್ಕಕ್ಕೆ ಹೊರಟರೆ ಬರುವುದು ರಾತ್ರಿ ಒಂಬತ್ತಕ್ಕೆ. ಒಬ್ಬಳೇ ಮಗಳು ಬೇಬಿ, ಮದುವೆಯಾಗಿ ಸೇಲಂ ಸೇರಿದ್ದಳು. ಅವರು ಉಡುಪಿ ಕಡೆಯವರು, ನಾವು ಬಾಗಲಕೋಟೆ ಕಡೆಯವರು. ಅಪ್ಪ ರೇವಣಸಿದ್ದಪ್ಪನವರದು ಅದೇ ರಸ್ತೆಯಲ್ಲಿ ಜವಳಿ ಅಂಗಡಿ. ಅವ್ವ ಗಿರಿಜಾದೇವಿ. ನಾನು ಜಯದೇವಿ, ಐವತ್ತೇಳನೆಯ ಇಸವಿಯಲ್ಲಿ ರಸಾಯನಶಾಸ್ತ್ರ ತೆಗೆದುಕೊಂಡು ಬಿ.ಎಸ್ಸಿ. ಓದುತ್ತಿದ್ದೆ. ಈ ಸಂಗತಿ ಇಡೀ ವಠಾರಕ್ಕೆ ಗೊತ್ತಿತ್ತು, ಏಕೆಂದರೆ ನಾನೇ ಹೇಳಿದ್ದೆ.

ಮಾಮಿಯ ಅಡಿಗೆಮನೆಗೆ ನಮ್ಮನ್ನು ಬಿಡುತ್ತಿರಲಿಲ್ಲ. ಅವರ ಮಡಿ ಅವರಿಗೆ. ಆದರೆ ಅವರ ಸಾರು ಮಾತ್ರ ವಾರಕ್ಕೆರಡು ಸಲ ಹೊಸ್ತಿಲು ದಾಟಿ ನಮ್ಮ ಮನೆಗೆ ಬರುತ್ತಿತ್ತು. ಅವ್ವ ಪ್ರತಿ ಸಲವೂ "ಏನ್ರಿ ಇದು, ಪಾನಕಕ್ಕ ಒಗ್ಗರಣಿ ಕೊಟ್ಟೀರಲ್ರಿ" ಎನ್ನುತ್ತಿದ್ದಳು. ಮಾಮಿ ಪ್ರತಿ ಸಲವೂ ನಗುತ್ತಿದ್ದರು. ನಾವು ಪ್ರತಿ ಸಲವೂ ಪಾತ್ರೆ ಬಳಿದು ಉಣ್ಣುತ್ತಿದ್ದೆವು.

ಆ ವರ್ಷ ಮಾಮಿಯ ಎರಡು ಕಣ್ಣಿಗೂ ಪೊರೆ ಬಂತು. ಮೊದಲು ಅಕ್ಕಿಯ ಕಲ್ಲು ಕಾಣದಾಯಿತು, ಆಮೇಲೆ ಅಕ್ಕಿಯೇ ಕಾಣದಾಯಿತು. ಬೆರಳಿನಲ್ಲಿ ತಡವಿ ಕಲ್ಲು ಆರಿಸುತ್ತಿದ್ದರು, ಕಾಲಿನ ಸಪ್ಪಳದಿಂದ ಜನರ ಗುರುತು ಹಿಡಿಯುತ್ತಿದ್ದರು. ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದವಳು ನಾನೇ. ಡಾಕ್ಟರು ಕಣ್ಣು ನೋಡಿ, ಮೂತ್ರ ಪರೀಕ್ಷೆ ಮಾಡಿಸಿ, ಸಕ್ಕರೆ ಕಾಯಿಲೆ ಇದೆ ಎಂದರು. ಹೀಗಿರುವಾಗ ಕತ್ತರಿ ಹಾಕಿದರೆ ಗಾಯ ಮಾಯುವುದಿಲ್ಲ, ಇರುವ ಕಣ್ಣೂ ಹೋಗುತ್ತದೆ. ಮೊದಲು ಬಾಯಿ ಕಟ್ಟಬೇಕು. ಅನ್ನ ಅರ್ಧ ಮಾಡಿ, ಸಕ್ಕರೆ, ಸಿಹಿತಿಂಡಿ ಪೂರ್ತಿ ಬಿಡಬೇಕು. ಹದಿನೈದು ದಿನ ಸತತವಾಗಿ ಮೂತ್ರದಲ್ಲಿ ಸಕ್ಕರೆ ಇಲ್ಲ ಅಂತಾದರೆ ಮಾತ್ರ ಆಪರೇಷನ್.

ದಾರಿಯಲ್ಲಿ ಮಾಮಿ ಹೇಳಿದರು: "ಕುರುಡಿ ಆದ್ರೆ ಇವರು ನನ್ನನ್ನು ಊರಿಗೆ ಕಳಿಸ್ತಾರೆ ಜಯಾ. ಬೇರೆ ಎಂತ ಮಾಡುದು ಅವರು, ಹಗಲಿಡೀ ಹೋಟೆಲಲ್ಲಿ. ಅಲ್ಲಿ ನನ್ನ ಓರಗಿತ್ತಿ ಬಡಿಸಿದ್ದು ಉಣ್ಣಬೇಕು. ಅವಳು ಬಡಿಸಿದ್ದನ್ನು ಲೆಕ್ಕ ಹೇಳ್ತಾಳೆ."

ಅಂದು ಮಧ್ಯಾಹ್ನವೇ ಸಿಹಿ ಬಿಟ್ಟರು. ಸಕ್ಕರೆ ಡಬ್ಬಿ ನಮ್ಮ ಮನೆಗೆ ಬಂತು. ಕಾಫಿ ಕಹಿಯಾಯಿತು. ದೇವರ ಮುಂದಿನ ಕಲ್ಲುಸಕ್ಕರೆ ತೆಗೆದು ತುಳಸಿ ಎಲೆ ಇಟ್ಟರು, ಹೀಗೆ ದೇವರಿಗೂ ಪಥ್ಯ ಶುರುವಾಯಿತು. ಹಾಗಲಕಾಯಿ ಈ ಕಾಯಿಲೆಗೆ ರಾಮಬಾಣ ಎಂದು ಅವ್ವ ಹೇಳಿದ್ದಕ್ಕೆ ದಿನಕ್ಕೆರಡು ಹೊತ್ತು ಹಾಗಲಕಾಯಿ.

ಪರೀಕ್ಷೆಯ ಕೆಲಸ ನನ್ನದು. ಔಷಧದಂಗಡಿಯಿಂದ ನೀಲಿ ದ್ರಾವಣದ ಬಾಟಲಿ ತಂದೆ. ಗಾಜಿನ ಕೊಳವೆಯಲ್ಲಿ ಅದನ್ನು ಸ್ವಲ್ಪ ಹಾಕಿ, ಮೂತ್ರದ ಎಂಟು ತೊಟ್ಟು ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕುದಿಸಬೇಕು. ನೀಲಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಚೂರು, ಹಳದಿಯಾದರೆ ಇನ್ನಷ್ಟು, ಇಟ್ಟಿಗೆ ಕೆಂಪಾದರೆ ಕೇಳಬೇಡಿ. ಈ ವೈಭವ ಮನೆಯೊಳಗೆ ಬೇಡವೆಂದು ಅವ್ವ ಅಪ್ಪಣೆ ಮಾಡಿದ್ದರಿಂದ ದಿನಾ ಬೆಳಿಗ್ಗೆ ನಲ್ಲಿಕಟ್ಟೆಯ ಮೇಲೆ ನಡೆಯುತ್ತಿತ್ತು. ಮಾಮಿ ಪಕ್ಕದಲ್ಲಿ ನಿಂತು "ಎಂತ ಬಣ್ಣ?" ಎಂದು ಕೇಳುತ್ತಿದ್ದರು.

ಮೊದಲ ವಾರ ಕೆಂಪು. ಎರಡನೆಯ ವಾರವೂ ಕೆಂಪು. ಕೆಂಪು ಎಂದಾಗಲೆಲ್ಲ ಮಾಮಿ ಇನ್ನೊಂದು ಹಾಗಲಕಾಯಿ ಹೆಚ್ಚು ತಿಂದರು. ಮೂರನೆಯ ವಾರ ಕೆಂಪು ಇನ್ನೂ ಗಟ್ಟಿಯಾಯಿತು.

ನನ್ನ ಪಟ್ಟಿಯನ್ನು ನೋಡಿ ಡಾಕ್ಟರು ಮೂಗಿನ ಮೇಲಿನ ಕನ್ನಡಕ ತೆಗೆದರು. "ಪೊಯ್ ಸೊಲ್ಲಾದೀಂಗ ಅಮ್ಮಾ" ಎಂದರು. ಸುಳ್ಳು ಹೇಳಬೇಡಿ ಎಂದು. ಮಾಮಿ ಮದರಾಸಿಗೆ ಬಂದು ಇಪ್ಪತ್ತೈದು ವರ್ಷ ಆಗಿತ್ತು, ತಮಿಳು ಅವರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

ಸುಬ್ರಾಯರು ಮರುದಿನ ರಜೆ ಹಾಕಿದರು. ಮೂವತ್ತು ವರ್ಷದಲ್ಲಿ ಅದು ಅವರ ನಾಲ್ಕನೆಯ ರಜೆ. ಹೆಂಡತಿ ಎಲ್ಲಿ ಸಿಹಿ ಅಡಗಿಸಿಟ್ಟಿದ್ದಾಳೆಂದು ಮನೆ ಶೋಧಿಸಿದರು. ಅಕ್ಕಿಯ ಡಬ್ಬ ಬಗ್ಗಿಸಿದರು, ಹಾಸಿಗೆ ಕೊಡವಿದರು, ದೇವರ ಪಟಗಳ ಹಿಂದೆ ಕೈಯಾಡಿಸಿದರು. ಅಡಿಗೆಮನೆಯ ಗೂಡಿನಲ್ಲಿ ಬೆಲ್ಲದ ಭರಣಿ ಅಡ್ಡವಿತ್ತು. ಅದನ್ನು ಎತ್ತಿ ಈಚೆ ಇಟ್ಟು, ಅದರ ಹಿಂದೆ ಏನಾದರೂ ಇದೆಯೇ ಎಂದು ನೋಡಿ, ಮತ್ತೆ ಅಲ್ಲಿಯೇ ಇಟ್ಟರು. ಏನೂ ಸಿಗಲಿಲ್ಲವೆಂದು ಅವರೇ ಹೊರಗೆ ಬಂದು ನಮಗೆ ವರದಿ ಕೊಟ್ಟದ್ದು.

ಅಂದು ಸಂಜೆ ಅಂಗಳದಲ್ಲಿ ಎಲ್ಲರ ಎದುರಿಗೆ ನಾನು ಹೇಳಿದೆ: "ಮಾಮಿ, ರಸಾಯನಶಾಸ್ತ್ರ ಸುಳ್ಳು ಹೇಳೂದಿಲ್ಲ. ನೀವು ಏನೋ ಕದ್ದು ತಿಂತೀರಿ. ತಿಂದದ್ದು ಒಪ್ಪಿಕೊಂಡುಬಿಡ್ರಿ."

ಹತ್ತೊಂಬತ್ತು ವರ್ಷದ ಹುಡುಗಿ ಐವತ್ತು ದಾಟಿದವರಿಗೆ ಹೇಳುವ ಮಾತೇ ಅದು? ಅವ್ವ ಕೂಡ ನನ್ನನ್ನು ಗದರಲಿಲ್ಲ. ಮಾಮಿ "ನಾನು ತಿನ್ಲಿಲ್ಲ" ಎಂದರು. ಆಮೇಲೆ, "ನಾಳೆ ನೀನು ಕಾಲೇಜಿಗೆ ಹೋಗ್ಬೇಡ. ನನ್ನ ಅಡಿಗೆಮನೆ ಬಾಗಿಲಲ್ಲಿ ಕೂತ್ಕೋ. ಬೆಳಿಗ್ಗೆಯಿಂದ ರಾತ್ರಿವರೆಗೆ ನನ್ನ ಬಾಯಿಗೆ ಎಂತ ಹೋಗ್ತದೆ ಬರ್ಕೋ" ಎಂದರು.

ಹೀಗೆ ನಮ್ಮ ವಠಾರದ ಇತಿಹಾಸದಲ್ಲಿ ಮೊದಲ ಸಲ ಆ ಬಾಗಿಲಿನ ಹೊರಗೆ ನನಗೆ ಮಣೆ ಬಿತ್ತು. ನೋಟ್‌ಬುಕ್ಕು ತೆರೆದು ಕುಳಿತೆ. ಏಳು ಗಂಟೆಗೆ ಕಾಫಿ, ಸಕ್ಕರೆ ಇಲ್ಲ. ಎಂಟಕ್ಕೆ ಒಂದೂವರೆ ದೋಸೆ, ಚಟ್ನಿ. ಹತ್ತಕ್ಕೆ ಅಡಿಗೆ ಶುರು. ಬೇಳೆ ಬೆಂದಿತು, ಹುಣಸೆಹಣ್ಣಿನ ರಸ ಬಿತ್ತು, ಮಸಾಲೆ ಬಿತ್ತು. ಮಾಮಿ ಗೂಡಿನ ಕಡೆ ನೋಡದೆಯೇ ಕೈ ಚಾಚಿ ಭರಣಿಯಿಂದ ನಿಂಬೆಹಣ್ಣಿನ ಗಾತ್ರದ ಬೆಲ್ಲದುಂಡೆ ತೆಗೆದು ಹುಳಿಗೆ ಹಾಕಿದರು.

"ಮಾಮಿ, ಅದೇನ್ರಿ?"

"ಯಾವ್ದು? ಇದಾ? ಬೆಲ್ಲ."

"ಸಿಹಿ ಬಿಟ್ಟೀನಿ ಅಂದ್ರಲ್ಲ?"

"ಬಿಟ್ಟಿದ್ದೇನೆ. ಇದು ಸಿಹಿಗೆ ಅಲ್ಲ ಮಾರಾಯ್ತಿ, ಹುಳಿಗೆ."

ನಾನು ಬರೆದುಕೊಂಡೆ. ಆಮೇಲೆ ಸಾರು, ಅದಕ್ಕೆ ಅಡಿಕೆ ಗಾತ್ರದ್ದು. ಬೀನ್ಸ್ ಪಲ್ಯಕ್ಕೆ ಒಂದು ಚಿಟಿಕೆ, "ಇಲ್ಲದಿದ್ರೆ ಹಸಿ ಹಸಿ ಅಂತ ಆಗ್ತದೆ." ಬೆಳಗಿನ ಚಟ್ನಿಗೂ ಹಾಕಿದ್ದರಂತೆ, ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಕೊನೆಗೆ ಹಾಗಲಕಾಯಿ. ಹುಣಸೆಹಣ್ಣು ಧಾರಾಳ ಹಿಂಡಿ, ಎಳ್ಳು ಹುರಿದು ಹಾಕಿ, ಗೊಜ್ಜು. ಭರಣಿಗೆ ಎರಡು ಸಲ ಕೈ ಹೋಯಿತು.

"ಹಾಗಲಕಾಯಿಗೆ ಅಷ್ಟು ಯಾಕ್ರಿ?"

"ಕಹಿ ಅಲ್ವಾ ಅದು!"

ಆ ಹಾಗಲಕಾಯಿಯನ್ನು ಅವರು ಮೂರು ವಾರದಿಂದ ಔಷಧವೆಂದು ಎರಡು ಹೊತ್ತು ತಿನ್ನುತ್ತಿದ್ದರು, ಕೆಂಪು ಬಂದ ದಿನ ಒಂದು ಹೆಚ್ಚು. ಭರಣಿಯಿಂದ ಒಂದು ದಿನಕ್ಕೆ ಹೋದ ಬೆಲ್ಲ ನನ್ನ ಲೆಕ್ಕದಲ್ಲಿ ಒಂದು ಮುಷ್ಟಿಗೆ ಕಡಿಮೆಯಿಲ್ಲ. ಅವರು ಅಡಗಿಸಿರಲಿಲ್ಲ. ರಜೆಯ ದಿನವೂ ಗಂಡನ ಎದುರಿಗೇ ಹಾಕಿದ್ದರು. ಗಂಡ ಹೋಟೆಲಿನಲ್ಲಿ ಹಂಡೆಗೆ ಮೂರು ಅಚ್ಚು ಬೆಲ್ಲ ಹಾಕುವವರು, ಅವರ ಕಣ್ಣಿಗೂ ಅದು ಸಿಹಿಯಾಗಿ ಕಂಡಿರಲಿಲ್ಲ. ನಾವಂತೂ ಹತ್ತು ವರ್ಷ ಅದನ್ನೇ ಆಡಿಕೊಂಡು ನಕ್ಕವರು.

ನಾನು ನೋಟ್‌ಬುಕ್ಕು ಹಿಡಿದು ಅಂಗಳಕ್ಕೆ ಓಡಿದೆ. ಸಮುದ್ರದಾಚೆ ಹೊಸ ದೇಶ ಕಂಡವನ ಹಾಗೆ ಮನೆಮನೆಗೆ ಹೋಗಿ ಹೇಳಿದೆ. ಡಾಕ್ಟರಿಗೂ ಹೇಳಿದೆ, ಅವರು ನನ್ನ ಬೆನ್ನು ತಟ್ಟಿದರು.

ಮಾಮಿ ಭರಣಿಯನ್ನೂ ನಮ್ಮ ಮನೆಗೆ ಕಳಿಸಿದರು. ಮರುದಿನ ಬೆಲ್ಲವಿಲ್ಲದ ಹುಳಿಯ ತುತ್ತು ಬಾಯಿಗಿಟ್ಟು, ತಟ್ಟೆಯನ್ನು ದೂರ ಸರಿಸಿದರು. "ಅಮ್ಮ ಕಲಿಸಿದ ಅಡಿಗೆ ಇದಲ್ಲ" ಎಂದರು. ಕಣ್ಣು ಒರೆಸಿಕೊಂಡದ್ದು ಹೊಗೆಗಿರಬಹುದು, ಇಲ್ಲದೆಯೂ ಇರಬಹುದು. ನಾಲ್ಕು ದಿನ ಮಜ್ಜಿಗೆ ಅನ್ನದಲ್ಲೇ ಕಳೆದರು. ಐದನೆಯ ದಿನ ಸುಬ್ರಾಯರು ಹೋಟೆಲಿನಿಂದ ಬಂದು, ಉಂಡು, ಕೈ ತೊಳೆದು ಹೇಳಿದರು: "ಬೆಲ್ಲ ಕೇಳುದು ನಾಲಿಗೆ ಅಲ್ಲ, ಹುಣಸೆಹಣ್ಣು. ಹುಣಸೆಹಣ್ಣು ಅರ್ಧ ಮಾಡು. ತೆಂಗಿನಕಾಯಿ ಚೂರು ಹೆಚ್ಚು ಹುರಿ." ಅಷ್ಟು ದೀರ್ಘವಾಗಿ ಅವರು ಮಾತಾಡಿದ್ದನ್ನು ನಾವು ಯಾರೂ ಕೇಳಿರಲಿಲ್ಲ. ಮಾಮಿ ಹಾಗೆಯೇ ಮಾಡಿದರು. ಹಾಗಲಕಾಯಿಯನ್ನು ಬರಿದೇ ಉಪ್ಪು ಸವರಿ ಬಾಡಿಸಿ, ಕಹಿಯನ್ನು ಕಹಿಯಾಗಿಯೇ ತಿಂದರು. ಮೂರು ವಾರ ಕಳೆಯುವಷ್ಟರಲ್ಲಿ ನಾಲಿಗೆ ಒಗ್ಗಿತು. ನಮ್ಮ ಮನೆಗೆ ಬಂದ ಸಾರನ್ನು ರುಚಿ ನೋಡಿ ಅವ್ವ "ಇದರಾಗ ಏನೋ ಕಮ್ಮಿ ಆಗೇದ" ಎಂದು ದೂರಿದಳು.

ಕೊಳವೆಯಲ್ಲಿ ಕೆಂಪು ಹೋಗಿ ಹಳದಿ ಬಂತು, ಹಳದಿ ಹೋಗಿ ಹಸಿರು. ಒಂದು ಬೆಳಿಗ್ಗೆ "ನೀಲಿ, ಮಾಮಿ" ಎಂದೆ. ಅವರು "ಹೌದಾ" ಎಂದು ಒಳಗೆ ಹೋದರು. ಹದಿನೈದು ದಿನ ನೀಲಿ ನಿಂತಿತು. ಮಾರ್ಚ್ ತಿಂಗಳಲ್ಲಿ ಬಲಗಣ್ಣಿನ ಆಪರೇಷನ್ ಆಯಿತು. ತಲೆಯ ಎರಡು ಬದಿಗೆ ಮರಳಿನ ಚೀಲ ಇಟ್ಟು, ಹತ್ತು ದಿನ ಅಲುಗದೆ ಮಲಗಿಸಿದರು. ಗಾಯ ಚೆನ್ನಾಗಿ ಮಾಯಿತು. ದಪ್ಪ ಗಾಜಿನ ಕನ್ನಡಕ ಬರಲು ಇನ್ನೂ ಎರಡು ತಿಂಗಳು ಹಿಡಿಯಿತು.

ಕನ್ನಡಕ ಬಂದ ಮರುದಿನ ಬೆಳಿಗ್ಗೆ ಮಾಮಿ ಯಾರ ಕೈಯನ್ನೂ ಹಿಡಿಯದೆ ನಲ್ಲಿಕಟ್ಟೆಗೆ ನಡೆದು ಬಂದರು. ನಾನು ಪರೀಕ್ಷೆ ಮುಗಿಸಿ ಕೊಳವೆ ತೊಳೆಯಲು ಹೊರಟಿದ್ದೆ. ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದರು.

"ಇದು ನೀಲಿ."

"ಹೂಂನ್ರಿ."

"ಕೆಂಪು ಹೇಗಿರ್ತದೆ? ತೋರ್ಸು."

ನಮ್ಮ ಮನೆಯಿಂದ ಚೂರು ಬೆಲ್ಲ ತಂದು, ನೀರಿನಲ್ಲಿ ಕದಡಿ, ಹೊಸ ದ್ರಾವಣಕ್ಕೆ ತೊಟ್ಟಿಕ್ಕಿ ಕುದಿಸಿದೆ. ಹಸಿರಾಯಿತು, ಹಳದಿಯಾಯಿತು, ಕೆಂಪು ಇಳಿಯಿತು. ಮಾಮಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಮೂರು ವಾರ ದಿನಾ ನೀನು ಕೆಂಪು ಅಂತ ಹೇಳಿದಿ" ಎಂದರು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ನನಗೆ ಬಣ್ಣ ಕಾಣ್ತಿರ್ಲಿಲ್ಲ. ನೀನು ಹೇಳಿದ್ದು ಅಂತ ನಂಬಿದೆ. ನಾನು ತಿನ್ಲಿಲ್ಲ ಅಂದದ್ದನ್ನು ನೀನು ನಂಬ್ಲಿಲ್ಲ."

ನನಗೆ ಮುಖ ಎತ್ತಲಾಗಲಿಲ್ಲ. ಅವರಿಗೆ ಈಗ ನನ್ನ ಮುಖ ಕಾಣುತ್ತಿತ್ತು.

"ತಪ್ಪಾತ್ರಿ ಮಾಮಿ" ಎಂದೆ.

"ಹೌದು" ಎಂದರು ಅಕ್ಕು ಮಾಮಿ. ಕೊಳವೆಯನ್ನು ಬಚ್ಚಲಿಗೆ ಬಗ್ಗಿಸಿ, ನಲ್ಲಿ ತಿರುಗಿಸಿ, ತಾವೇ ತೊಳೆದು ನನ್ನ ಕೈಗೆ ಕೊಟ್ಟರು.