ಬಾಣಂತಿಯ ಕಿವಿಯಲ್ಲಿದ್ದ ಹತ್ತಿ

1996ರ ಚಳಿಗಾಲ. ಹರಪನಹಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಕಿವಿ, ಮೂಗು, ಗಂಟಲಿನ ವೈದ್ಯನಾಗಿದ್ದೆ. ಸೇರಿ ಎರಡು ವರ್ಷ ತುಂಬುವ ಮೊದಲೇ ‘ಕೂಗಾಡುವ ಡಾಕ್ಟರು’ ಎಂಬ ಹೆಸರು ಬಂದಿತ್ತು. ಅದನ್ನು ಕಳೆದುಕೊಳ್ಳಬೇಕೆಂದು ನನಗೆ ಒಮ್ಮೆಯೂ ಅನ್ನಿಸಲಿಲ್ಲ. ತೆಲಿಗಿಯ ಕೊಟ್ರಮ್ಮನನ್ನು ನೋಡಿದ ಮೇಲಂತೂ ಖಂಡಿತ ಇಲ್ಲ.

ಕೊಟ್ರಮ್ಮನಿಗೆ ಆಗ ಇಪ್ಪತ್ತೆರಡು ವರ್ಷ. ಗಂಡನ ಮನೆ ಹೂವಿನಹಡಗಲಿ ಹತ್ತಿರದ ಒಂದು ಹಳ್ಳಿ. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು ಮೂರು ತಿಂಗಳ ಬಾಣಂತಿ. ಜ್ವರ, ತಲೆಸುತ್ತು ಎಂದು ಅಪ್ಪ ಅಮ್ಮ ಕರೆತಂದಿದ್ದರು. ತಲೆಗೆ ಬಿಗಿಯಾಗಿ ಬಟ್ಟೆ ಸುತ್ತಿತ್ತು, ಎರಡೂ ಕಿವಿಗೆ ಹತ್ತಿ ತುರುಕಿತ್ತು. ನಾನು ಏನು ಕೇಳಿದರೂ ತಾಯಿಯೇ ಉತ್ತರ ಕೊಡುತ್ತಿದ್ದಳು.

“ಇವಳಿಗೆ ಕಿವಿ ಕೇಳಿಸುತ್ತೇನಮ್ಮ?”

“ಹತ್ತಿ ಇಟ್ಟೀವಲ್ರಿ, ಹೆಂಗ ಕೇಳಸ್ತೈತಿ? ಗಾಳಿ ಹೊಕ್ಕರ ಬಾಣಂತಿಗೆ ಸನ್ನಿ ಆಗತೈತ್ರಿ.”

ಎಡವಟ್ಟು ಆಗಿದ್ದು ಇಲ್ಲೇ. ಅವಳಿಗೆ ಏನೂ ಕೇಳಿಸುತ್ತಿಲ್ಲ ಎಂಬುದು ಮನೆಮಂದಿಗೆಲ್ಲ ಗೊತ್ತಿತ್ತು. ಹತ್ತಿಯಿಂದ ಹಾಗೆ ಎಂದುಕೊಂಡು ಎಲ್ಲರೂ ಸುಮ್ಮನಿದ್ದರು. ಕಿವಿ ಸೋರಿದಾಗ ಒದ್ದೆ ಹತ್ತಿ ತೆಗೆದು ಹೊಸದು ಇಟ್ಟರು. ನೋವು ಎಂದಾಗ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟರು. ಕೀವಿನ ವಾಸನೆ ಲೋಬಾನದ ಹೊಗೆಯಲ್ಲಿ ಮುಚ್ಚಿಹೋಯಿತು. ಬಾಣಂತಿಯನ್ನು ಬೆಚ್ಚಗಿಡುವುದಕ್ಕೆ ನನ್ನ ತಕರಾರಿಲ್ಲ. ಮೂರು ತಿಂಗಳಲ್ಲಿ ಒಂದು ಸಲವಾದರೂ ಹತ್ತಿ ತೆಗೆದು ಅವಳನ್ನು ಹೆಸರು ಹಿಡಿದು ಕರೆಯಲಿಲ್ಲವಲ್ಲ, ಅದಕ್ಕೆ ನನಗೆ ಈಗಲೂ ಮೈ ಉರಿಯುತ್ತದೆ.

ಹತ್ತಿ ತೆಗೆದೆ. ಎರಡೂ ಕಿವಿಯ ತುಂಬ ಕೀವು. ಎಡಗಿವಿಯ ಹಿಂದೆ ನಿಂಬೆಹಣ್ಣಿನಷ್ಟು ಬಾವು. ಸೋಂಕು ಕಿವಿ ಹಿಂದಿನ ಮೂಳೆಗೆ, ನಾವು ಮ್ಯಾಸ್ಟಾಯ್ಡ್ ಎನ್ನುವ ಭಾಗಕ್ಕೆ, ಇಳಿದಿತ್ತು. ಅಲ್ಲಿಂದ ಮೆದುಳು ದೂರವಿಲ್ಲ. ಟ್ಯೂನಿಂಗ್ ಫೋರ್ಕ್ ಎಂಬ ಉಕ್ಕಿನ ಕವಲುಕಡ್ಡಿಯನ್ನು ಬಡಿದು ಹಣೆಯ ನಡುವೆ ಇಟ್ಟೆ. ಅದರ ನಾದ ಮೂಳೆಯ ಮೂಲಕ ನೇರ ನರಕ್ಕೆ ಮುಟ್ಟುತ್ತದೆ. ಎಲ್ಲಿ ಕೇಳಿಸಿತೆಂದು ಸನ್ನೆ ಮಾಡಿದರೆ ಅವಳು ಬಲಗಿವಿಯನ್ನಷ್ಟೇ ಮುಟ್ಟಿ ತೋರಿಸಿದಳು. ಎಡಗಿವಿಯ ನರ ಸತ್ತಿತ್ತು. ಬಲಗಿವಿಯದು ಇನ್ನೂ ಜೀವಂತವಾಗಿತ್ತು.

ಅವಳ ಮಣಿಕಟ್ಟಿನಲ್ಲಿ ಸೀರೆಯಂಚಿನ ಒಂದು ಪಟ್ಟಿ ಜೋತಾಡುತ್ತಿತ್ತು. ಇದೇನೆಂದು ಸನ್ನೆಯಲ್ಲೇ ಕೇಳಿದೆ.

“ಈ ಕಡಿ ತುದಿ ಕೂಸಿನ ಕಾಲಿಗೆ ಕಟ್ತೀನ್ರಿ! ಅತ್ರ ಒದೀತೈತಿ, ಇದು ಜಗ್ಗತೈತಿ. ಆವಾಗ ಎದ್ದು ಹಾಲು ಕುಡಸ್ತೀನಿ!”

ಹೊರಗೆ ಸಾಲಿನಲ್ಲಿ ನಿಂತವರೂ ತಿರುಗಿ ನೋಡುವಷ್ಟು ಜೋರಾಗಿ ಹೇಳಿದಳು. ತಾಯಿ ಸೆರಗು ಬಾಯಿಗೆ ಹಿಡಿದಳು. ಅದು ದೃಷ್ಟಿಗೆ ಕಟ್ಟಿದ್ದು ಎಂದುಕೊಂಡಿದ್ದಳಂತೆ.

ಆಪರೇಷನ್ ತಡವಾದರೆ ಜೀವಕ್ಕೇ ಅಪಾಯವಿತ್ತು. ಅದಕ್ಕೆ ಬೇಕಾದ ಮೈಕ್ರೋಸ್ಕೋಪ್ ನಮ್ಮಲ್ಲಿರಲಿಲ್ಲ, ದಾವಣಗೆರೆಗೆ ಹೋಗಬೇಕಿತ್ತು. ಬೀಗರಿಲ್ಲದೆ ತಾನು ಹೂಂ ಅನ್ನುವುದಿಲ್ಲ ಎಂದು ಅಪ್ಪ ಹಟ ಹಿಡಿದ. ನಾನು ಇಂಜೆಕ್ಷನ್ ಶುರು ಮಾಡಿ ಗಂಡನ ಮನೆಗೆ ಹೇಳಿ ಕಳಿಸಿದೆ. ಮರುದಿನ ಬೆಳಗಿನ ಬಸ್ಸಿಗೆ ಗಂಡ, ಅತ್ತೆ ಬಂದಿಳಿದರು. ವರಾಂಡದಲ್ಲಿ ಪಂಚಾಯಿತಿ ಶುರುವಾಯಿತು.

“ಬಾಣಂತನ ನಿಮ್ಮದು. ಚಲೋ ಇದ್ದಾಕಿನ್ನ ಕಳಿಸಿದ್ವಿ, ಕೆಡಿಸಿದೋರು ನೀವು. ನೀವಾ ಕರ್ಕಂಡು ಹೋಗ್ರಿ,” ಅಂದಳು ಅತ್ತೆ.

“ಧಾರಿ ಎರದು ಕೊಟ್ಟ ಮ್ಯಾಲ ಆಕಿ ನಿಮ್ಮಾಕಿ. ಕೂದ್ಲ ಬೋಳಿಸಿ ಕೊಯ್ತಾರಂತ. ನಾಳಿ ಏನಾರ ಆದ್ರ ನಮ್ಮ ಮ್ಯಾಲ ಬರ್ತೈತಿ,” ಅಂದ ಅಪ್ಪ.

“ಹಂಗಾದ್ರ ಬಾಣಂತನದ ಐದು ತಿಂಗಳು ತುಂಬಲಿ ತಗಾ, ಆಮ್ಯಾಲ ನೋಡೂನು. ರೊಟ್ಟಿ ಬಡಿಯಾಕ ಕಿವಿ ಯಾಕ ಬೇಕು?” ಅಂದಳು ಅತ್ತೆ.

ಗಂಡ ತನ್ನ ಚಪ್ಪಲಿ ನೋಡುತ್ತ ನಿಂತಿದ್ದ. ಕೊಟ್ರಮ್ಮ ಬೆಂಚಿನ ಮೇಲೆ ಕೂಸನ್ನು ತೊಡೆಯಲ್ಲಿಟ್ಟುಕೊಂಡು ಒಬ್ಬೊಬ್ಬರ ಬಾಯನ್ನೇ ನೋಡುತ್ತಿದ್ದಳು. ನನ್ನ ಪಿತ್ತ ನೆತ್ತಿಗೇರಿತು.

“ಕಿವಿ ತವರಿನದೂ ಅಲ್ಲ, ಗಂಡನ ಮನೆಯದೂ ಅಲ್ಲ. ಅವಳದು! ಏನಾಗಿದೆ ಅಂತ ಅವಳಿಗೆ ಯಾರಾದರೂ ತಿಳಿಸಿದಿರಾ?”

“ಹೆಂಗ ತಿಳಸೋದ್ರಿ, ಕಿವಿನಾ ಕೇಳಸಂಗಿಲ್ಲ,” ಅಂದ ಗಂಡ. ಅಲ್ಲಿಯವರೆಗೆ ಅವನಾಡಿದ್ದು ಅದೊಂದೇ ಮಾತು.

ಅವಳು ಏಳನೆಯ ತರಗತಿ ಓದಿದವಳು. ಒಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದು ಕೊಟ್ಟೆ: ಎಡಗಿವಿ ಹೋಗಿದೆ, ಬಲಗಿವಿ ಉಳಿಸಬಹುದು, ತಡಮಾಡಿದರೆ ಜೀವಕ್ಕೆ ಅಪಾಯ, ಆಪರೇಷನ್‌ಗೆ ಹೋಗುತ್ತೀಯಾ? ಅವಳು ಎರಡು ಸಲ ಓದಿದಳು.

“ಕೂಸಿನ ದನಿ ಕೇಳಸ್ತೈತೇನ್ರಿ?”

ತಲೆಯಾಡಿಸಿದೆ. ಕೂಸನ್ನು ಹೆಗಲಿಗೆ ಹಾಕಿಕೊಂಡು ಎದ್ದು ನಿಂತಳು.

“ನಾ ಹೊಂಟೆ. ಬರೋರು ಬರ್ರಿ.”

ಗಂಡ ಅವಳ ಹಿಂದೆ ಹೋದ. ದಾವಣಗೆರೆಯಲ್ಲಿ ಒಪ್ಪಿಗೆ ಪತ್ರಕ್ಕೆ ಅವಳೇ ಸಹಿ ಹಾಕಿದಳಂತೆ. ಕೆಟ್ಟ ಮೂಳೆ ಕೆರೆದು ತೆಗೆದರು, ಜೀವ ಉಳಿಯಿತು. ಎಡಗಿವಿ ಮರಳಲಿಲ್ಲ. ಬಲಗಿವಿ ಒಣಗಿ, ತಮಟೆಯ ತೂತು ಮುಚ್ಚಿದ ಮೇಲೆ ಮುಕ್ಕಾಲುಪಾಲು ಕೇಳಿಸತೊಡಗಿತು. ಸೋರತೊಡಗಿದ ಮೊದಲ ವಾರವೇ ಬಂದಿದ್ದರೆ ಕಿವಿ ಒರೆಸಿ ಡ್ರಾಪ್ಸ್ ಹಾಕಿಯೇ ಎರಡನ್ನೂ ಉಳಿಸಬಹುದಿತ್ತೇನೋ.

ಅಂದಿನಿಂದ ನಿವೃತ್ತಿಯವರೆಗೆ ನನ್ನ ಮುಂದೆ ಬಂದ ಪ್ರತಿ ಬಾಣಂತಿಯ ಕಿವಿಯಿಂದ ಮೊದಲು ಹತ್ತಿ ತೆಗೆಸಿದೆ. ಜೊತೆಗೆ ಬಂದವರನ್ನು ಸುಮ್ಮನಿರಿಸಿ ಅವಳನ್ನೇ ಮಾತಾಡಿಸಿದೆ. ಕೆಲಸ ನನಗೆ ಕಲಿಸಿದ್ದು ಇಷ್ಟೇ. ಇದನ್ನು ನನಗಿಂತ ಚೆನ್ನಾಗಿ ಕಲಿತವಳು ಕೊಟ್ರಮ್ಮ. ಮರುವರ್ಷ ಅವಳ ನೆಗೆಣ್ಣಿಗೆ ಗಂಡನ ಮನೆಯಲ್ಲೇ ಎರಡನೆಯ ಹೆರಿಗೆಯಾಗಿತ್ತು. ಕಿವಿ ನೋವು ಎಂದೊಡನೆ ಆ ಹಸಿ ಬಾಣಂತಿಯನ್ನು ನನ್ನ ಬಳಿ ಕರೆತಂದಳು. ಹಿಂದೆಯೇ ಅತ್ತೆ ಗೊಣಗುತ್ತ ಬಂದಳು.

“ಹತ್ತಿ ನಾನಾ ಕಿತ್ತು ಒಗದೀನ್ರಿ. ಅದಕ್ಕ ಮನಿಯಿಂದಾನ ಅತ್ತಿ ನನ್ನ ಬಯ್ಕೋತಾ ಬಂದಾಳ.”

“ನಿನಗೆ ಬೇಜಾರಾಗಲಿಲ್ವಾ?”

ಕೊಟ್ರಮ್ಮ ತನ್ನ ಎಡಗಿವಿ ಮುಟ್ಟಿ ತೋರಿಸಿದಳು.

“ಬಸ್ಸಿನ್ಯಾಗ ಅತ್ತಿನ್ನ ಈ ಕಡಿ ಕುಂದರ್ಸಿದ್ನಿರಿ.”