ಎರಡು ಗೇಣಿನ ಗೋಡೆ, ಎರಡು ಕೋಡಿನ ಡಬ್ಬಿ

"ಗ್ವಾಡಿ ಎಷ್ಟ ಗೇಣ ಅದ ರೀ ನಿಮ್ಮನಿದು?"

ಸೂಪರ್ ಮಾರ್ಕೆಟ್‌ನ ಕಂಪ್ಯೂಟರ್ ಅಂಗಡಿಯಲ್ಲಿ ಮೆಹಬೂಬ್ ಸಾಬರು ಹೀಗೆ ಕೇಳಿದಾಗ, ತಪ್ಪು ಅಂಗಡಿಗೆ ಬಂದೆನೇನೋ ಎಂದುಕೊಂಡೆ. ನಾನು ಕೇಳಿದ್ದು ರೂಟರ್, ಅಂದರೆ ಇಂಟರ್‌ನೆಟ್ಟನ್ನು ತಂತಿಯಿಲ್ಲದೆ ಮನೆಯೊಳಗೆ ಹಂಚುವ ಪೆಟ್ಟಿಗೆ. ಅವರು ಕೇಳುತ್ತಿದ್ದುದು ಗೋಡೆಯ ದಪ್ಪ. ನನಗೆ ಗೊತ್ತಿಲ್ಲ ಎಂದೆ.

"ಹಂಗಾರ ಮನಿಗಿ ಹೋಗಿ ಅಳಕೊಂಡ ಬರ್ರಿ ಬಾಯಾರ. ಡಬ್ಬಿ ಎಲ್ಲೂ ಓಡಿ ಹೋಗಂಗಿಲ್ಲ."

ನಂಜನಗೂಡಿನಿಂದ ಕಲಬುರಗಿಗೆ ಬಂದು ಆಗ ನಾಲ್ಕು ತಿಂಗಳಾಗಿತ್ತು. ನಮ್ಮ ಪತ್ರಿಕೆ ಇಲ್ಲಿ ಹೊಸ ಆವೃತ್ತಿ ತೆರೆದಿತ್ತು, ನನ್ನನ್ನು ಉಪಸಂಪಾದಕಿಯಾಗಿ ಕಳಿಸಿತ್ತು. ಬಸ್ಸಿನ ಬೋರ್ಡುಗಳಲ್ಲಿ ಗುಲಬರ್ಗಾ, ಜನರ ಬಾಯಲ್ಲಿ ಕಲಬುರಗಿ. ಬ್ರಹ್ಮಪುರದ ಹಳೆಯ ಮನೆಯೊಂದರ ಮಾಳಿಗೆಯ ಮೇಲೆ, ಬೀದಿಯಿಂದಲೇ ಮೆಟ್ಟಿಲಿದ್ದ ಒಂದು ಕೋಣೆ ನನಗೆ ಸಿಕ್ಕಿತು. ಮಾಳಿಗೆ ಎಂದರೆ ನಮ್ಮ ಕಡೆ ಮೇಲಂತಸ್ತು, ಇಲ್ಲಿ ಮನೆಯ ಚಾವಣಿ. ಕೆಳಗೆ ಮನೆಯೊಡತಿ ಶರಣಮ್ಮ ಒಬ್ಬರೇ ಇದ್ದರು. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಕಟಕ ರೊಟ್ಟಿ, ಅಂದರೆ ಗರಿಗರಿಯಾಗಿ ಒಣಗಿಸಿದ ಜೋಳದ ರೊಟ್ಟಿ, ಬಡಿದು ಹಾಸ್ಟೆಲ್ಲುಗಳಿಗೆ ಕೊಡುತ್ತಿದ್ದರು. ಬೆಳಗ್ಗೆ ಅವರ ರೊಟ್ಟಿ ಬಡಿತವೇ ನನಗೆ ಅಲಾರಂ.

ನಮ್ಮೂರಿನ ಹೆಂಚಿನ ಮನೆಯಲ್ಲಿ ಪಕ್ಕದವರು ಸೀನಿದರೆ ನಮಗೆ ಕೇಳುತ್ತದೆ. ಇಲ್ಲಿ ಬಾಗಿಲು ಮುಚ್ಚಿದರೆ ಮುಗಿಯಿತು, ಇಡೀ ಊರು ಹೊರಗೆ. ಬಿಸಿಲನ್ನು ತಡೆಯಲು ಕಟ್ಟಿದ ಕಲ್ಲಿನ ಗೋಡೆಗಳು. ಅಳೆದು ನೋಡಿದೆ, ಎರಡು ಗೇಣಿಗೆ ಒಂದು ಬೆರಳು ಹೆಚ್ಚು.

ಮನೆಗೇ ಇಂಟರ್‌ನೆಟ್ ಏಕೆ ಬೇಕಾಯಿತು ಎಂಬುದನ್ನು ಹೇಳಬೇಕು. ನನ್ನ ಅಣ್ಣ ಶಿವಮಲ್ಲು ನಂಜನಗೂಡಿನಲ್ಲಿ ಟೈಲರ್. ಹುಟ್ಟಿನಿಂದ ಕಿವಿ ಕೇಳದು, ಮಾತಿಲ್ಲ. ಶಾಲೆಗೆ ಹೋದದ್ದು ಎರಡೇ ವರ್ಷ, ಅಕ್ಷರ ಹತ್ತಲಿಲ್ಲ. ಅವನಿಗೂ ಅವ್ವನಿಗೂ ನನಗೂ ನಡುವೆ ಒಂದು ಕೈಭಾಷೆ ಬೆಳೆದಿತ್ತು. ಗಿರಾಕಿಗಳೊಂದಿಗೆ ಅಳತೆ, ದಿನ, ಹಣ ಇಷ್ಟಕ್ಕೆ ಬೇಕಾದ ಸನ್ನೆ ಸಾಕು. ಮನಸ್ಸಿಗೆ ಬಂದದ್ದನ್ನು ಹೇಳಲು ಬೇಕಾದ ಭಾಷೆ ನಮ್ಮ ಮೂವರದು. ಅವ್ವ ತೀರಿಕೊಂಡ ಮೇಲೆ ಅದನ್ನು ಬಲ್ಲವಳು ನಾನೊಬ್ಬಳೇ. ನಾನು ಊರು ಬಿಟ್ಟಾಗ ಅವನೊಂದಿಗೆ ಮಾತಾಡುವವರು ಯಾರೂ ಉಳಿಯಲಿಲ್ಲ. ಅವನಿಗೆ ಫೋನಿನಿಂದ ಪ್ರಯೋಜನವಿಲ್ಲ, ಕಾಗದದಿಂದಲೂ ಇಲ್ಲ.

ಅವನ ಅಂಗಡಿಯ ಪಕ್ಕದ ಸೈಬರ್ ಸೆಂಟರಿನ ಪುಟ್ಟಸ್ವಾಮಿ ಒಂದು ಕ್ಯಾಮೆರಾ ಜೋಡಿಸಿಕೊಟ್ಟ. ಊಟದ ವೇಳೆ, ಒಂದು ಗಂಟೆಗೆ, ಅಣ್ಣ ಅಲ್ಲಿ ಬಂದು ಕೂರಬಹುದು. ನನ್ನ ಕೆಲಸ ಶುರುವಾಗುವುದು ಸಂಜೆ, ಹಾಗಾಗಿ ಒಂದು ಗಂಟೆ ನನಗೂ ಅನುಕೂಲ. ಆದರೆ ಇಲ್ಲಿನ ಸೈಬರ್‌ಗಳಲ್ಲಿ ಯಾವುದೋ ತಕರಾರಾಗಿ ಕ್ಯಾಮೆರಾಗಳನ್ನು ತೆಗೆದಿದ್ದರು. ಕಚೇರಿಯಲ್ಲಿ ಮುಖ ನೋಡಿ ಮಾತಾಡುವ ತಾಣಗಳು ತೆರೆಯುವುದಿಲ್ಲ. ನಾಲ್ಕು ತಿಂಗಳು ನಾನು ಬಾಯಿತುಂಬ ಮಾತಾಡಿದೆ, ಕೈಗಳು ಮಾತ್ರ ಸುಮ್ಮನಿದ್ದವು. ಒಮ್ಮೆ ತರಕಾರಿಯವನಿಗೆ 'ಬೇಡ' ಎನ್ನುವಾಗ ಅಣ್ಣನ ಸನ್ನೆ ತಾನಾಗಿ ಬಂತು. ಅವನು ಹಿಂದೆ ತಿರುಗಿ ಯಾರನ್ನು ಕರೆದೆನೆಂದು ನೋಡಿದ.

ಗೋಡೆಯ ಅಳತೆ ಹೇಳಿದಾಗ ಮೆಹಬೂಬ್ ಸಾಬರು ಮೂರು ಡಬ್ಬಿಗಳನ್ನು ಮುಂದಿಟ್ಟರು. ಆಂಟೆನಾಗೆ ಅವರು ಕೋಡು ಎನ್ನುತ್ತಿದ್ದರು. "ಇದು ಬೋಳಿ. ಇದು ಒಂಟಿ ಕೋಡಿಂದು. ಇದು ಎರಡ ಕೋಡಿಂದು. ನಿಮ್ಮ ಗ್ವಾಡಿಗಿ ಮೂರೂ ಹಾಯಂಗಿಲ್ಲ, ಖರೇ ಹೇಳಾಕತ್ತೀನಿ."

"ಹಾಗಾದರೆ ಯಾಕೆ ಕೊಳ್ಳಲಿ?"

"ಬಾಗಿಲದಾಗಿಂದ ಹೋಗ್ತದಲ್ರೀ! ಅದಕ ಹಾದಿ ತೋರಸಬೇಕು. ಹಾದಿ ತೋರಸಾಕ ನಾ ಬರ್ತೀನಿ."

ದೂರವಾಣಿ ತಂತಿ ಶರಣಮ್ಮನವರ ಪಡಸಾಲೆಯಲ್ಲಿತ್ತು. ಬ್ರಾಡ್‌ಬ್ಯಾಂಡ್ ಎಂಬ ಪದವೇ ಊರಿಗೆ ಹೊಸತು. ಅವರ ಫೋನಿಗೆ ಅದನ್ನು ಹಾಕಿಸಲು ಒಪ್ಪಿಸುವುದಕ್ಕೆ ಒಂದು ವಾರ ಹಿಡಿದಿತ್ತು. ಮೋಡೆಮ್‌ನಿಂದ ಒಂದು ಗಿಡ್ಡ ತಂತಿಯನ್ನು ರೂಟರಿಗೆ ಚುಚ್ಚಿ, ನನ್ನ ಲ್ಯಾಪ್‌ಟಾಪಿನಲ್ಲಿ ಪುಟ ತೆರೆದು, ಸಾಬರು ಹೆಸರು ಕೇಳಿದರು. ಜಾಲಕ್ಕೊಂದು ಹೆಸರು ಇಡಬೇಕಂತೆ. ಶಿವಮಲ್ಲು ಎಂದೆ. ಆಮೇಲೆ ಅವರು ಲ್ಯಾಪ್‌ಟಾಪನ್ನು ತುಂಬಿದ ಕೊಡದಂತೆ ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದರು. ಕೆಳಗೆ ಪರದೆಯ ಮೂಲೆಯಲ್ಲಿ ಸಿಗ್ನಲ್ಲಿನ ನಾಲ್ಕು ಗೆರೆ. ಮೂರನೇ ಮೆಟ್ಟಿಲಲ್ಲಿ ಎರಡು. ಮಾಳಿಗೆಯಲ್ಲಿ ಒಂದೂ ಇಲ್ಲ. ಡಬ್ಬಿಯನ್ನು ಕಪಾಟಿನ ಮೇಲೆ, ಕಿಟಕಿಯಲ್ಲಿ, ಜೋಳದ ಚೀಲದ ಮೇಲೆ ಇಟ್ಟು ನೋಡಿದ್ದಾಯಿತು. ಕೊನೆಗೆ ಪಡಸಾಲೆಯಿಂದ ಮೆಟ್ಟಿಲಿಗೆ ತೆರೆಯುವ ಬಾಗಿಲಿನ ಪಕ್ಕದ ಗೋಡೆಗೂಡಿನಲ್ಲಿಟ್ಟು, ಒಂದು ಕೋಡನ್ನು ನೆಟ್ಟಗೆ, ಇನ್ನೊಂದನ್ನು ಮೆಟ್ಟಿಲ ಕಡೆಗೆ ವಾಲಿಸಿದಾಗ ಮೇಲೆ ಎರಡು ಗೆರೆ ನಿಂತವು. ಷರತ್ತು ಒಂದೇ: ಆ ಬಾಗಿಲು ತೆರೆದಿರಬೇಕು.

"ಬಾಗಿಲಾ ತಗದಿಟ್ರ ಬೆಕ್ಕ ಬರ್ತದ," ಎಂದರು ಶರಣಮ್ಮ. "ನಿಮ್ಮಣ್ಣ ಬರೂಕಿಂತ ಮೊದಲ ಅದೇ ಬಂದು ಹಾಲ ಕುಡದು ಹೋಗ್ತದ."

"ಒಂದು ಗಂಟೆಗೆ ಅರ್ಧ ತಾಸು ಮಾತ್ರ, ಅಕ್ಕ."

"ಆತು ಬಿಡ್ರಿ. ಅರ್ಧಾ ತಾಸ ಬೆಕ್ಕ ನಾ ಕಾಯ್ತೀನಿ."

ಮರುದಿನ ಒಂದು ಗಂಟೆಗೆ ಅಣ್ಣನ ಮುಖ ಪರದೆಯಲ್ಲಿ ಮೂಡಿತು. ಚಿತ್ರ ನಿಂತು ನಿಂತು ಬರುತ್ತಿತ್ತು, ಬೇಗ ಆಡಿಸಿದ ಕೈ ಮಂಜಾಗುತ್ತಿತ್ತು. ಇಬ್ಬರೂ ನಿಧಾನವಾಗಿ ಸನ್ನೆ ಮಾಡುವುದನ್ನು ಕಲಿತೆವು. ನಾನು ಜೋಳದ ರೊಟ್ಟಿ ತೋರಿಸಿದೆ. ಅವನು ಅದನ್ನು ತಟ್ಟೆ ಎಂದುಕೊಂಡ.

ಸಂಬಂಧದ ಸುದ್ದಿ ಬಂದದ್ದು ಆರು ತಿಂಗಳ ನಂತರ. ತಿ. ನರಸೀಪುರದ ಮಂಗಳಾ, ಅವಳಿಗೂ ಕಿವಿ ಕೇಳದು. ಮೈಸೂರಿನಲ್ಲಿ ಕಿವುಡರ ಶಾಲೆಯಲ್ಲಿ ಓದಿದವಳು, ಓದು ಬರಹ ಬಲ್ಲಳು. ಅವಳದು ಶಾಲೆಯ ಸನ್ನೆ, ನಮ್ಮದು ಮನೆಯ ಸನ್ನೆ, ಒಂದಕ್ಕೊಂದು ಹೊಂದದು. ಅಣ್ಣನಿಗೆ ನಲವತ್ತಮೂರು. ಹಿಂದೆ ಬಂದ ಎರಡು ಸಂಬಂಧಗಳು 'ಹುಡುಗ ಏನೂ ಹೇಳಲ್ಲ' ಎಂದು ಹಿಂದೆ ಸರಿದಿದ್ದವು. ಈ ಸಲ ಅವನು ಒಂದೊಂದೇ ಸನ್ನೆಯನ್ನು ಒತ್ತಿ ಹೇಳಿದ: ಶುಕ್ರವಾರ, ಒಂದು ಗಂಟೆ, ಅವಳು ಬರುತ್ತಾಳೆ, ನೀನು ಇರಬೇಕು. ನನ್ನ ಮಾತನ್ನು ನೀನು ಹೇಳಬೇಕು. ನಾನು ಬಾಯಲ್ಲಿ ಹೇಳಿದ್ದನ್ನು ಅವಳ ಅಣ್ಣ ಶಾಲೆಯ ಸನ್ನೆಗೆ ತಿರುಗಿಸುವುದೆಂದು ಮಾತಾಯಿತು.

ಶುಕ್ರವಾರ ಬೆಳಗ್ಗೆ ಎದ್ದಾಗ ಒಂಬತ್ತೂವರೆ. ರೊಟ್ಟಿ ಬಡಿತವಿರಲಿಲ್ಲ. ಕೆಳಗೆ ಶರಣಮ್ಮನವರ ಬಾಗಿಲಿಗೆ ಬೀಗ. ಶರಣಮ್ಮ ಹಿಂದಿನ ಸಂಜೆ, ನಾನು ಕಚೇರಿಯಲ್ಲಿದ್ದಾಗ, ಕಮಲಾಪುರದ ತಂಗಿಯ ಮನೆಗೆ ಹೋಗಿದ್ದರು. ಮನೆ ಬಿಡುವಾಗ ವಿದ್ಯುತ್ತಿನ ಮೇನ್ ಸ್ವಿಚ್ ಆರಿಸುವುದು ಅವರ ಪದ್ಧತಿ. ರೂಟರ್ ಕತ್ತಲಲ್ಲಿ, ಮೆಟ್ಟಿಲ ಬಾಗಿಲು ಮುಚ್ಚಿತ್ತು. ಮೆಹಬೂಬ್ ಸಾಬರ ಅಂಗಡಿಯಲ್ಲಿ ಕೂತು ಮಾತಾಡೋಣವೆಂದರೆ, ಅದು ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಯುವ ತನಕ ತೆರೆಯುವುದಿಲ್ಲ.

ಫೋನ್ ಮಾಡಿದೆ. ಆ ಕಡೆ ಹತ್ತು ಜನರ ಗದ್ದಲ.

"ಶರಣಮ್ಮಕ್ಕ, ಬೀಗದ ಕೈ ಎಲ್ಲಿಟ್ಟಿದ್ದೀರಿ?"

"ಬೀಗರ ಕೈಯಾಗ? ಬೀಗರ ಕೈಯಾಗ ಏನ್ ಕೊಡ್ತಾರ್ರೀ, ಈಗರೆ ಬಂದು ಕುಂತಾರ. ಚಾ ಕುಡಿಯಾಕತ್ತಾರ."

"ಬೀಗರಲ್ಲ ಅಕ್ಕ, ಬೀಗ. ಬಾಗಿಲ ಬೀಗ!"

"ಬಾಗಿಲದಾಗ ನಿಂತಾರೇನು? ನಿಮ್ಮ ಬೀಗರ? ಅಯ್ಯ, ಒಳಗ ಕರೀರಿ, ಕಾಲಿಗಿ ನೀರ ಕೊಡ್ರಿ!"

ಇಲ್ಲಿ ಬೀಗಕ್ಕೆ ಕೀಲಿ ಎನ್ನುತ್ತಾರೆ, ಬೀಗದ ಕೈಗೆ ಚಾವಿ. ಹತ್ತು ತಿಂಗಳಿಂದ ನಾನು ವರದಿಗಾರರ 'ಕೀಲಿ ಮುರಿದು ಕಳವು' ಎಂಬ ಸುದ್ದಿಗಳಲ್ಲಿ ಕೀಲಿಯನ್ನು ಹೊಡೆದು ಬೀಗ ಎಂದು ತಿದ್ದುತ್ತಿದ್ದೆ. ಬೇಕಾದ ಹೊತ್ತಿನಲ್ಲಿ ಆ ಪದ ಬಾಯಿಗೆ ಬರಲು ಒಂದು ನಿಮಿಷ ಹಿಡಿಯಿತು.

"ಚಾವಿ, ಅಕ್ಕ! ಕೀಲಿಯ ಚಾವಿ!"

"ಹಂಗ ಹೇಳ್ರಿ ಮತ್ತ. ಚಾವಿ ನನ್ನ ನಡದಾಗೇ ಅದ."

ಕಮಲಾಪುರಕ್ಕೆ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಕೆಂಪು ಬಾಳೆಹಣ್ಣಿನ ಬುಟ್ಟಿಗಳ ನಡುವೆ ಇಳಿದು, ವಿಳಾಸ ಕೇಳುತ್ತಾ ಹೋದಾಗ ಶರಣಮ್ಮ ಬಾಗಿಲಲ್ಲೇ ನಿಂತಿದ್ದರು. ಒಳಗೆ ತಂಗಿಯ ಮಗಳ ನಿಶ್ಚಯದ ಮಾತುಕತೆ. ವಿಷಯ ಕೇಳಿದವರೇ ಸೊಂಟದ ಗಂಟು ಬಿಚ್ಚಿದರು. "ಮೊದಲ ಹೇಳಬಾರದೇನ್ರೀ? ಬ್ಯಾರೆ ದಿನಾ ಆಗಿದ್ರ ಹೊರಸಿನ ಮ್ಯಾಲ ಕುಂಡ್ರಸ್ತಿದ್ದೆ, ಚಾ ಕುಡಿಸ್ತಿದ್ದೆ, ಈಗ ಇಲ್ಲ. ನಮ್ಮ ಬೀಗರು ನಮಗ, ನಿಮ್ಮ ಬೀಗರು ನಿಮಗ. ಓಡ್ರಿ!" ಎರಡು ಕೆಂಪು ಬಾಳೆಹಣ್ಣು ನನ್ನ ಚೀಲಕ್ಕೆ ತುರುಕಿದರು.

ಹಿಂದಿರುಗುವ ಬಸ್ಸಿನಲ್ಲಿ ಪುಟ್ಟಸ್ವಾಮಿಗೆ ಫೋನ್ ಮಾಡಿದೆ. "ಬಂದ್ಬುಟ್ಟವ್ರೆ ಅಕ್ಕ. ಎರಡು ಗಂಟೆ ಬಸ್ಸಿಗೆ ವಾಪಸ್ ಹೋಗ್ಬೇಕಂತೆ. ನಿಮ್ಮಣ್ಣ ಬಾಗ್ಲು ನೋಡ್ತಾ ಕೂತವ್ರೆ." ನಾನು ಬಾಗಿಲಿನಿಂದ ಬರುವವಳಲ್ಲ ಎಂಬುದು ಅವನಿಗೆ ಗಾಬರಿಯಲ್ಲಿ ಮರೆತಿರಬೇಕು.

ಮೇನ್ ಹಾಕಿ, ಮೆಟ್ಟಿಲ ಬಾಗಿಲು ತೆರೆದು ಮೇಲೆ ಓಡಿದಾಗ ಒಂದೂ ನಲವತ್ತು. ಎರಡು ಗೆರೆ ನಿಂತವು. ಚಿತ್ರ ಬಂತು.

ಅವರು ಕ್ಯಾಮೆರಾ ನೋಡುತ್ತಿರಲಿಲ್ಲ. ಅಣ್ಣ ಅಂಗಡಿಯಿಂದ ತಂದ ಅಳತೆ ಟೇಪನ್ನು ಮೇಜಿನ ಮೇಲೆ ಉದ್ದಕ್ಕೆ ಹಾಸಿದ್ದ. ನಲವತ್ತಮೂರರ ಮೇಲೆ ಬೆರಳಿಟ್ಟು ತನ್ನ ಎದೆ ಮುಟ್ಟಿದ. ಮಂಗಳಾ ಮೂವತ್ತೆಂಟರ ಮೇಲೆ ಬೆರಳಿಟ್ಟಳು. ಆಮೇಲೆ ಅವನು ಆರರ ಹತ್ತಿರ ಬೆರಳಿಟ್ಟು, ಕೈಯಿಂದ ಮಳೆ ಸುರಿಸಿ, ಶಾಲೆಯಿಂದ ಓಡಿದ್ದನ್ನು ತೋರಿಸಿದ. ಈ ಕಥೆಯನ್ನು ಅವನು ಹೀಗೆ ಹೇಳಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಮಂಗಳಾ ನಕ್ಕಳು. ಅವನ ಬೆರಳು ಹಿಡಿದು ಶಾಲೆ ಎಂಬುದಕ್ಕೆ ತನ್ನ ಸನ್ನೆ ಕಲಿಸಿದಳು. ಅವನು ಎರಡು ಸಲ ಮಾಡಿ ನೋಡಿದ. ನನಗೆ ಅದು ಅರ್ಥವಾಗಲಿಲ್ಲ.

ಪುಟ್ಟಸ್ವಾಮಿ ಪರದೆಗೆ ಬಗ್ಗಿ ಹೇಳಿದ: "ಬಿಡಿ ಅಕ್ಕ, ಅವ್ರವ್ರೇ ಮಾತಾಡ್ಕೊಂಡ್ರು. ಹೆಣ್ಣಿನಣ್ಣ ಹೂಂ ಅಂದ್ಬುಟ್ಟ."

ಆಗ ಮಂಗಳಾ ನನ್ನನ್ನು ನೋಡಿದಳು. ಯಾರು ಎಂದು ಅಣ್ಣನ ಕಡೆ ಹುಬ್ಬು ಹಾರಿಸಿದಳು. ನಮ್ಮ ಮನೆಯಲ್ಲಿ ನನ್ನ ಗುರುತು ಕಿವಿಯ ಹಾಲೆಯನ್ನು ಎರಡು ಸಲ ಮುಟ್ಟುವುದು. ಚಿಕ್ಕವಳಿದ್ದಾಗ ಓಲೆಗಾಗಿ ಅತ್ತಿದ್ದಕ್ಕೆ ಅವ್ವ ಇಟ್ಟ ಹೆಸರು. ಅಣ್ಣನ ಕೈ ಕಿವಿಯ ಕಡೆಗೆ ಹೋಗಲಿಲ್ಲ. ಅವನು ಎರಡು ತೋರುಬೆರಳುಗಳಿಂದ ಗಾಳಿಯಲ್ಲಿ ಒಂದು ಚೌಕ ಬರೆದ. ಪರದೆಯಷ್ಟೇ ಅಗಲದ್ದು.

ಮಂಗಳಾ ತಲೆಯಾಡಿಸಿದಳು. ಅದೇ ಚೌಕವನ್ನು ತಾನೂ ಬರೆದು, ಸರಿಯೇ ಎಂಬಂತೆ ನನ್ನ ಕಡೆ ನೋಡಿದಳು. ಚಿತ್ರ ಅಲ್ಲೇ ಒಂದು ಕ್ಷಣ ನಿಂತಿತು. ಅದು ಮತ್ತೆ ಚಲಿಸುವುದನ್ನು ಕಾದು, ಸರಿ ಎಂದು ತಿಳಿಸಲು ನಾನೂ ನಿಧಾನವಾಗಿ ಅದನ್ನೇ ಬರೆದೆ.